ವೈರಿಂಗಿನವರ ಕಾರ್ಡು ಕೇಳಲು ದಾಕ್ಷಿಣ್ಯವೇಕೆ?

ಅಡಿಕೆ ಸಸಿ ಕೊಳ್ಳುವಾಗ ತಾಯಿಮರ ಯಾವ ತೋಟದ್ದು, ಎಷ್ಟು ವರ್ಷದ್ದು ಎಂದು ನಾವು ಹತ್ತು ಸಲ ವಿಚಾರಿಸುತ್ತೇವೆ. ಕಾಫಿ ತೂಗುವ ಹೊತ್ತಿಗೆ ತಕ್ಕಡಿಯ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಆದರೆ ಮನೆಯ ವೈರಿಂಗಿಗೆ ಬಂದವರನ್ನು ಮಾತ್ರ "ಕಾಫಿ ಕುಡಿಯಿರಿ, ಕೆಲಸ ಬೇಗ ಮುಗಿಸಿ" ಎಂದು ಉಪಚರಿಸಿ ನಾವು ತೋಟಕ್ಕೆ ಇಳಿದುಬಿಡುತ್ತೇವೆ. ಅವರು ಎಲ್ಲಿ ಕಲಿತವರು, ಕೈಯಲ್ಲಿ ಏನು ಪರವಾನಗಿ ಇದೆ ಎಂದು ಕೇಳಿದ ಸದಸ್ಯರು ನಮ್ಮಲ್ಲಿ ಎಷ್ಟು ಮಂದಿ?

ಈ ವಿಷಯ ಬರೆಯಲು ಒಂದು ಕಾರಣವಿದೆ. 2019ರ ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ನಮ್ಮ ಸದಸ್ಯರೊಬ್ಬರ ಕೊಟ್ಟಿಗೆಯಲ್ಲಿ ಕರೆಯುವ ಹಸುವೊಂದು ನಿಂತಲ್ಲೇ ಬಿದ್ದು ಸತ್ತಿತು. ಹಿಂದಿನ ರಾತ್ರಿ ಮರದ ಕೊಂಬೆ ಬಿದ್ದು ಕಂಬದಿಂದ ಮನೆಗೆ ಬರುವ ಎರಡು ತಂತಿಗಳಲ್ಲಿ ನ್ಯೂಟ್ರಲ್ ತಂತಿ ಮಾತ್ರ ತುಂಡಾಗಿತ್ತು. ದೀಪ ಹೋಯಿತು. ಮನೆಯವರು ಮಳೆಗಾಲದಲ್ಲಿ ಎಂದಿನಂತೆ ಕರೆಂಟು ಹೋಗಿದೆ ಎಂದುಕೊಂಡು ಮಲಗಿದರು. ಕರೆಂಟು ಹೋಗಿರಲಿಲ್ಲ. ಫೇಸ್ ತಂತಿ ಮನೆಯೊಳಗೆ ಜೀವಂತವಾಗಿಯೇ ಇತ್ತು.

ಆ ಮನೆಗೆ ಅರ್ಥಿಂಗ್ ಗುಂಡಿ ತೋಡಿರಲೇ ಇಲ್ಲವೆಂಬುದು ಆಮೇಲೆ ತಿಳಿದುಬಂತು. ವೈರಿಂಗ್ ಮಾಡಿದಾತ ಖರ್ಚು ಉಳಿಸಲೆಂದು ಮೂರು ಪಿನ್ನಿನ ಸಾಕೆಟ್ಟುಗಳ ಅರ್ಥ್ ವಯರನ್ನೆಲ್ಲ ಬೋರ್ಡಿನೊಳಗೆ ನ್ಯೂಟ್ರಲಿಗೆ ಸೇರಿಸಿ ಕೂರಿಸಿದ್ದ. ನ್ಯೂಟ್ರಲ್ ಸರಿಯಾಗಿರುವಷ್ಟು ದಿನ ಇದರಿಂದ ಏನೂ ಗೊತ್ತಾಗುವುದಿಲ್ಲ. ಫ್ಯಾನು ತಿರುಗುತ್ತದೆ, ಮಿಕ್ಸಿ ಓಡುತ್ತದೆ. ನ್ಯೂಟ್ರಲ್ ಕಡಿದ ಗಳಿಗೆಯಿಂದ, ಚಾಲೂ ಇರುವ ಬಲ್ಬಿನ ಮೂಲಕವೋ ಫ್ರಿಜ್ಜಿನ ಮೂಲಕವೋ ಹಾದು ಬಂದ ವಿದ್ಯುತ್ತು ಹಿಂದಿರುಗಲು ದಾರಿ ಕಾಣದೆ ಅರ್ಥ್ ವಯರಿನಲ್ಲಿ ಸಾಗಿ ಪ್ರತಿಯೊಂದು ಯಂತ್ರದ ಲೋಹದ ಮೈಗೂ ಏರುತ್ತದೆ. ಅಲ್ಲಿ ಕೊಟ್ಟಿಗೆ ತೊಳೆಯುವ ಸಣ್ಣ ಪಂಪಿನ ಮೈಗೆ ಏರಿ, ಅದಕ್ಕೆ ಜೋಡಿಸಿದ್ದ ಜಿ.ಐ. ಪೈಪಿಗೆ ಹರಿಯಿತು. ಹಸು ಒದ್ದೆ ನೆಲದ ಮೇಲೆ ನಿಂತು ಪೈಪಿಗೆ ಮೂತಿ ತಾಗಿಸಿತು. ಫ್ಯೂಸ್ ಹೋಗಲಿಲ್ಲ, ಹೋಗುವ ಪ್ರಸಂಗವೇ ಇಲ್ಲ. ಬೆಳಗಿನ ಜಾವ ಹಾಲು ಕರೆಯಲು ಹೊರಟಿದ್ದ ಮನೆಯಾಕೆ ಕೊಟ್ಟಿಗೆಯ ಬಾಗಿಲಲ್ಲೇ ಹಸು ಬಿದ್ದಿದ್ದು ಕಂಡು ನಿಂತುದರಿಂದ ಉಳಿದರು.

ಸದಸ್ಯರ ಹತ್ತಿರ ವೈರಿಂಗಿನ ಕಂಪ್ಲೀಷನ್ ರಿಪೋರ್ಟ್ ಇತ್ತು. ಅದರಲ್ಲಿ ಅರ್ಥಿಂಗ್ ಸರಿಯಿದೆ ಎಂದು ಬರೆದು ಲೈಸೆನ್ಸ್ ಪಡೆದ ಗುತ್ತಿಗೆದಾರರೊಬ್ಬರ ಸಹಿ, ಮೊಹರು ಎಲ್ಲ ಇತ್ತು. ಆ ಗುತ್ತಿಗೆದಾರರು ಆ ಮನೆಯ ಅಂಗಳವನ್ನೇ ತುಳಿದವರಲ್ಲ. ಕೆಲಸ ಮಾಡಿದವನೇ ಅವರಿಗೆ ಒಂದಿಷ್ಟು ಹಣ ಕೊಟ್ಟು ಸಹಿ ತಂದಿದ್ದನಂತೆ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 45ನೆಯ ನಿಯಮದಲ್ಲಿದ್ದ ಮಾತೇ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಗೆ ಬಂತು. ಆ ನಿಯಮಾವಳಿಯ ಜಾಗದಲ್ಲಿ 2023ರಲ್ಲಿ ಹೊಸದು ಜಾರಿಗೆ ಬಂದಿದೆ. ತಾತ್ಪರ್ಯ ಇಷ್ಟು: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇಂಥವನ್ನು ಬದಲಿಸುವುದು ಬಿಟ್ಟರೆ, ಹೊಸ ವೈರಿಂಗಾಗಲಿ, ಇದ್ದುದಕ್ಕೆ ಸೇರಿಸುವುದಾಗಲಿ, ರಿಪೇರಿಯಾಗಲಿ, ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ ಆಗಬೇಕು. ಮೇಲ್ವಿಚಾರಣೆಗೆ ಅರ್ಹತಾ ಪತ್ರವುಳ್ಳ ಸೂಪರ್‌ವೈಸರ್ ಇರಬೇಕು. ವಯರಿಗೆ ಕೈ ಹಾಕುವವನಲ್ಲಿ ವೈರ್‌ಮನ್ ಪರ್ಮಿಟ್ ಇರಬೇಕು. ಲೈನ್ ಮನೆಗೆ ಒಂದು ಬಲ್ಬಿನ ಪಾಯಿಂಟ್ ಎಳೆದರೂ ಇದೇ ನಿಯಮ. ನಾವು ಅತಿ ಹೆಚ್ಚು ಉದಾಸೀನ ಮಾಡುವುದೂ ಅಲ್ಲಿಯೇ.

ಈ ಕಾಗದಗಳ ವಿಷಯದಲ್ಲಿ ಗೊಂದಲ ಬಹಳವಿದೆ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಓದಿದ ಪ್ರಮಾಣಪತ್ರ ವಿದ್ಯೆಯ ಪತ್ರ ಮಾತ್ರ, ಪರವಾನಗಿಯಲ್ಲ. ಪರ್ಮಿಟ್, ಲೈಸೆನ್ಸ್‌ಗಳ ವ್ಯವಹಾರ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಕಡೆಯದು. "ನಾನು ಮೆಸ್ಕಾಂನಲ್ಲಿ ಲೈನ್‌ಮನ್ ಜತೆ ಇದ್ದವನು" ಎನ್ನುವುದು ಪರವಾನಗಿಯಲ್ಲ. ಅಸಲಿ ಲೈನ್‌ಮನ್ನರೇ ಆದರೂ ಅವರ ಕೆಲಸ ಕಂಬದಿಂದ ಮೀಟರಿನವರೆಗೆ. ಮೀಟರಿನಿಂದ ಈಚಿನದರ ಹೊಣೆ ನಮ್ಮದು.

ಕಾರ್ಡು ಕೈಗೆ ಬಂದಾಗ ನೋಡಬೇಕಾದ್ದು ಹೆಚ್ಚಿಲ್ಲ. ಭಾವಚಿತ್ರ ಎದುರಿಗಿರುವವರದೇ ಹೌದೇ? ಅವಧಿ ಮುಗಿದಿದೆಯೇ? ಪರ್ಮಿಟ್ಟಿಗೂ ಲೈಸೆನ್ಸಿಗೂ ಇಂತಿಷ್ಟು ಅವಧಿಯೆಂದು ಇದ್ದು, ಮುಗಿದ ಮೇಲೆ ನವೀಕರಿಸಬೇಕು. ಎಷ್ಟೋ ಜನರ ಜೇಬಿನಲ್ಲಿರುವುದು ಎಂದೋ ಮುಗಿದ ಕಾರ್ಡು. ನಂಬರು ಬರೆದಿಟ್ಟುಕೊಳ್ಳಿ. ಗುತ್ತಿಗೆದಾರರ ಲೈಸೆನ್ಸ್ ನಂಬರನ್ನು ಒಪ್ಪಂದದ ಚೀಟಿಯಲ್ಲೇ ಬರೆಸಿ. ಅನುಮಾನ ಬಂದರೆ ವಿದ್ಯುತ್ ಪರಿವೀಕ್ಷಕರ ಕಚೇರಿಗೆ ಆ ನಂಬರು ಕೊಟ್ಟು ವಿಚಾರಿಸಿ. ಮುಖ್ಯವಾಗಿ, ಕಂಪ್ಲೀಷನ್ ರಿಪೋರ್ಟಿಗೆ ಸಹಿ ಮಾಡುವವರು ಒಂದು ಸಲವಾದರೂ ಮನೆಗೆ ಬಂದು ನೋಡಲಿ. ಬಾರದವರ ಸಹಿ ಬೇಡ.

"ಅಲ್ಲ ಮಾರಾಯ್ರೆ, ಹತ್ತು ವರ್ಷದಿಂದ ಮನೆಗೆ ಬಂದು ಹೋಗುವ ಹುಡುಗ. ಅವನ ಹತ್ತಿರ ಕಾರ್ಡು ತೋರಿಸು ಅಂದರೆ ಬೇಜಾರು ಮಾಡಿಕೊಳ್ಳುವುದಿಲ್ವಾ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಮಾತು ಸುಳ್ಳಲ್ಲ. ಮಳೆಗಾಲದ ರಾತ್ರಿ ಕರೆದರೆ ಟಾರ್ಚು ಹಿಡಿದು ಬರುವವನು ಆ ಹುಡುಗನೇ ಹೊರತು ಪೇಟೆಯ ಗುತ್ತಿಗೆದಾರರಲ್ಲ. ಕಾರ್ಡಿಲ್ಲದೆಯೂ ಅಚ್ಚುಕಟ್ಟಾಗಿ ಕೆಲಸ ಮಾಡುವವರಿದ್ದಾರೆ, ಕಾರ್ಡಿದ್ದೂ ಕೆಡಿಸುವವರಿದ್ದಾರೆ. ಆದರೆ ಕೈಚಳಕವಿರುವ ಹುಡುಗನಿಗೆ ಪರ್ಮಿಟ್ ಮಾಡಿಸಿಕೊಳ್ಳಲು ಒತ್ತಾಯಿಸುವುದು, ಅರ್ಜಿಗೆ ನೆರವಾಗುವುದು ಅವನಿಗೂ ಉಪಕಾರವೇ. ನಾಳೆ ಅನಾಹುತವಾದರೆ ಮೊದಲು ಠಾಣೆಗೆ ಹೋಗಬೇಕಾದವನು ಅವನು.

ಕಾರ್ಡು ನೋಡಿದ ಮೇಲೆ ಕೆಲಸವನ್ನೂ ನೋಡಬೇಕು. ಅರ್ಥಿಂಗ್ ಗುಂಡಿಯನ್ನು ನಿಮ್ಮ ಕಣ್ಣೆದುರೇ ತೋಡಿಸಿ, ಇದ್ದಲು ಉಪ್ಪು ತುಂಬುವಾಗ ಪಕ್ಕದಲ್ಲಿ ನಿಲ್ಲಿ, ಅಲ್ಲಿಂದ ಹೊರಟ ತಂತಿ ಬೋರ್ಡಿಗೆ ಸೇರುವುದನ್ನು ನೋಡಿ. ನಮ್ಮ ಜಂಬಿಟ್ಟಿಗೆ ನೆಲ ಬೇಸಗೆಯಲ್ಲಿ ಒಣಗಿ ವಿದ್ಯುತ್ತನ್ನು ಹೀರುವುದಿಲ್ಲ, ಆದ್ದರಿಂದ ಮಾರ್ಚ್ ತಿಂಗಳಿಂದ ಗುಂಡಿಗೆ ಆಗಾಗ ನೀರು ಹಾಕಬೇಕು. ಕೆಲಸ ಮುಗಿದ ಮೇಲೆ 500 ವೋಲ್ಟಿನ ಮೆಗ್ಗರ್ ಹಚ್ಚಿ ತೋರಿಸಲು ಹೇಳಿ. ಕಡಿಮೆಯೆಂದರೆ 1 ಮೆಗಾ ಓಮ್ ಬರಬೇಕು. ಮೆಗ್ಗರ್ ಎಂದರೇನೆಂದು ಕೇಳುವ ಎಲೆಕ್ಟ್ರಿಷಿಯನ್‌ಗೆ ಕಾಫಿ ಕೊಟ್ಟು ಕಳಿಸುವುದೇ ಲೇಸು. ಸೋರಿಕೆ ತಡೆಯುವ ಇ.ಎಲ್.ಸಿ.ಬಿ. (ಈಗ ಆರ್.ಸಿ.ಸಿ.ಬಿ. ಎನ್ನುತ್ತಾರೆ) ಮನೆಗಳಿಗೆ 30 ಮಿಲಿ ಆಂಪಿಯರಿನದು ಬೇಕು. ಆದರೆ ಅದು ಅರ್ಥಿಂಗಿಗೆ ಬದಲಿಯಲ್ಲ. ಅದರ ಟೆಸ್ಟ್ ಗುಂಡಿ ಒತ್ತಿದಾಗ ಬಿದ್ದರೆ ಆ ಉಪಕರಣ ಸರಿಯಿದೆ ಎಂದಷ್ಟೇ ಅರ್ಥ. ಮೇಲೆ ಹೇಳಿದ ಮನೆಯಂತೆ ಅರ್ಥ್ ವಯರನ್ನು ಉಪಕರಣಕ್ಕಿಂತ ಮೊದಲೇ ನ್ಯೂಟ್ರಲಿಗೆ ಕಟ್ಟಿದ್ದರೆ, ನ್ಯೂಟ್ರಲ್ ಕಡಿದಾಗ ಅದೂ ಸುಮ್ಮನೆ ಕೂತಿರುತ್ತದೆ.

ಜನರೇಟರ್ ಇರುವವರಿಗೆ ಇನ್ನೊಂದು ಮಾತು. ಚೇಂಜ್ ಓವರ್ ಸ್ವಿಚ್ ಇಲ್ಲದೆ ಅದನ್ನು ಮನೆಯ ಸಾಕೆಟ್ಟಿಗೆ ಚುಚ್ಚಿ ಓಡಿಸುವ ಅಭ್ಯಾಸ ಕೆಲವೆಡೆ ಇದೆ. ಆ ವಿದ್ಯುತ್ತು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ 11 ಸಾವಿರ ವೋಲ್ಟಿಗೆ ಏರಿ, ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ನರನ್ನು ಕೊಲ್ಲಬಲ್ಲದು. ಈ ಕೆಲಸಕ್ಕಂತೂ ಪರ್ಮಿಟ್ ಇದ್ದವರನ್ನೇ ಕರೆಯಬೇಕು. ತಂತಿಯ ಮಾತು ಬಂದುದರಿಂದ ಹೇಳುತ್ತೇವೆ: ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯಂತೆ ಹಗುರವಾದ ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ತನ್ನು ಹರಿಸುತ್ತದೆ.

ಆ ಸದಸ್ಯರು ಮನೆಯ ವೈರಿಂಗ್ ಪೂರ್ತಿ ಬಿಚ್ಚಿಸಿ ಮತ್ತೆ ಮಾಡಿಸಿದರು. ಮೊದಲು ಉಳಿಸಿದ್ದು ಒಂದು ಗುಂಡಿ ಮತ್ತು ಒಂದು ಪೈಪಿನ ಖರ್ಚು.

ನಮ್ಮ ಸಂಘದ ಕಚೇರಿಯಲ್ಲಿ ಈಗ ಒಂದು ಪುಸ್ತಕ ತೆರೆದಿದ್ದೇವೆ. ಸುತ್ತಲಿನ ಊರುಗಳಲ್ಲಿ ಕೆಲಸ ಮಾಡುವ ವೈರ್‌ಮನ್ನರ ಪರ್ಮಿಟ್ ನಂಬರು, ಅವಧಿ ಮುಗಿಯುವ ದಿನ, ಅವರು ಯಾವ ಗುತ್ತಿಗೆದಾರರ ಕೈಕೆಳಗೆ ಇದ್ದಾರೆ ಎಂಬುದನ್ನು ಕಾರ್ಡು ಕಣ್ಣಾರೆ ನೋಡಿಯೇ ಬರೆದುಕೊಳ್ಳುತ್ತೇವೆ. ಸದಸ್ಯರು ತಮಗೆ ಪರಿಚಯವಿರುವವರನ್ನು ಕಳಿಸಿಕೊಡಬಹುದು. ಕಚೇರಿ ವೇಳೆಯಲ್ಲಿ ಯಾರು ಬೇಕಾದರೂ ಬಂದು ಪುಸ್ತಕ ನೋಡಬಹುದು.