ಎದೆಯೊಳಗೊಬ್ಬ ಜಿಪುಣ

1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ದೇಹದೊಳಗೆ ಜಗತ್ತಿನಲ್ಲೇ ಮೊದಲ ಬಾರಿಗೆ, ಹೃದಯದ ಬಡಿತ ಕಾಯುವ ಪೇಸ್‌ಮೇಕರ್ ಸೇರಿತು. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿ, ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅಳವಡಿಸಿದ ಆ ಸಾಧನ ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು. ಲಾರ್ಸನ್ ಮಾತ್ರ 86 ವರ್ಷ ಬಾಳಿ 2001ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಗಿದ್ದವು.

ಇಂದು ಒಂದು ಪೇಸ್‌ಮೇಕರ್ ಹತ್ತು ವರ್ಷದ ಆಸುಪಾಸು ಬಾಳುತ್ತದೆ. ಇದರ ಶ್ರೇಯದಲ್ಲಿ ಒಂದು ಪಾಲು 1970ರ ದಶಕದಲ್ಲಿ ಬಂದ ಲಿಥಿಯಂ-ಅಯೋಡಿನ್ ಬ್ಯಾಟರಿಯದಾದರೆ, ಇನ್ನೊಂದು ಪಾಲು ವಿದ್ಯುತ್ತನ್ನು ಅಳೆದು ಸುರಿದು ಖರ್ಚು ಮಾಡುವ ಎಲೆಕ್ಟ್ರಾನಿಕ್ ಚಿಪ್ಪಿನದು. ಬ್ಯಾಟರಿ ಮುಗಿದರೆ ಎದೆಯ ಚರ್ಮವನ್ನು ಮತ್ತೆ ಕೊಯ್ಯಲೇಬೇಕು. ಆದ್ದರಿಂದಲೇ ಇಷ್ಟು ಜಿಪುಣತನ.

ಲೆಕ್ಕ ಹಾಕಿ ನೋಡಿ. ಬ್ಯಾಟರಿಯ ಸಾಮರ್ಥ್ಯ ಸುಮಾರು 1 ಆಂಪಿಯರ್-ಗಂಟೆ ಎಂದಿಟ್ಟುಕೊಳ್ಳೋಣ. ಹತ್ತು ವರ್ಷಕ್ಕೆ 87,600 ಗಂಟೆ. ಭಾಗಿಸಿದರೆ 11 ಮೈಕ್ರೊಆಂಪಿಯರ್ ಚಿಲ್ಲರೆ, 2.8 ವೋಲ್ಟಿನಲ್ಲಿ ಅದು ಸುಮಾರು 30 ಮೈಕ್ರೊವ್ಯಾಟ್. ಮನೆಯ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬಿನ ವಿದ್ಯುತ್ತಿನಲ್ಲಿ ಮೂರು ಲಕ್ಷ ಪೇಸ್‌ಮೇಕರ್ ನಡೆದಾವು. ಇಷ್ಟರಲ್ಲೇ ಚಿಪ್ಪು ಕೆಲವೇ ಮಿಲಿವೋಲ್ಟಿನ ಹೃದಯದ ಸಂಕೇತವನ್ನು ಆಲಿಸಬೇಕು, ಬಡಿತ ತಪ್ಪಿದೆಯೇ ಎಂದು ತೀರ್ಮಾನಿಸಬೇಕು, ತಪ್ಪಿದ್ದರೆ ಪ್ರಚೋದನೆ ಕೊಡಬೇಕು.

ಇಷ್ಟು ಕಡಿಮೆಯಲ್ಲಿ ಅದು ಸಾಗುವುದು ಹೇಗೆ? ಚಿಪ್ಪಿನೊಳಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್ ಪೂರ್ತಿ ‘ಆನ್’ ಆಗಲು ಇಂತಿಷ್ಟು ವೋಲ್ಟೇಜ್ ಬೇಕು. ಆ ಹೊಸ್ತಿಲಿನ ಕೆಳಗೂ ಸಣ್ಣಗೆ ಕರೆಂಟ್ ಹರಿಯುತ್ತಿರುತ್ತದೆ. ಸಾಮಾನ್ಯ ಚಿಪ್ ವಿನ್ಯಾಸಕರಿಗೆ ಅದು ಸೋರಿಕೆ. ಆದರೆ ಎಲೆಕ್ಟ್ರಾನಿಕ್ ಕೈಗಡಿಯಾರಕ್ಕಾಗಿ ಬಟನ್ ಬ್ಯಾಟರಿ ಉಳಿಸಲು ಹೊರಟಿದ್ದ ಸ್ವಿಟ್ಜರ್ಲೆಂಡಿನ ಎಂಜಿನಿಯರುಗಳು ಅದನ್ನೇ ದುಡಿಸಿಕೊಂಡರು. ಅವರಲ್ಲೊಬ್ಬರಾದ ಎರಿಕ್ ವಿಟ್ಟೋಜ್ ಸಹೋದ್ಯೋಗಿಯೊಂದಿಗೆ 1977ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿದ್ಯೆಗೆ ಅಡಿಪಾಯವಾಯಿತು.

ಹೊಸ್ತಿಲಿನ ಕೆಳಗೆ ದುಡಿಯುವ ಇಂಥ ಸರ್ಕ್ಯೂಟ್ ನಿಧಾನ. ತಾಪಮಾನ ತುಸು ಏರುಪೇರಾದರೂ ಅದರ ನಡವಳಿಕೆ ಬದಲಾಗುತ್ತದೆ. ದೇಹದೊಳಗೆ ಈ ಎರಡು ಕುಂದೂ ಅಷ್ಟಾಗಿ ಕಾಡುವುದಿಲ್ಲ: ಹೃದಯ ಬಡಿಯುವುದು ನಿಮಿಷಕ್ಕೆ ಎಪ್ಪತ್ತರ ಆಸುಪಾಸು, ತಾಪಮಾನವನ್ನು 37 ಡಿಗ್ರಿಯ ಹತ್ತಿರವೇ ಶರೀರ ಕಾಯ್ದುಕೊಳ್ಳುತ್ತದೆ. ಮೊಬೈಲಿನಲ್ಲಿ ಮೆರೆಯುವ ಅತಿಸೂಕ್ಷ್ಮ ಟ್ರಾನ್ಸಿಸ್ಟರುಗಳಿಗೂ ಇಲ್ಲಿ ಅಂಥ ಬೇಡಿಕೆಯಿಲ್ಲ. ಅವು ಸುಮ್ಮನಿದ್ದಾಗಲೂ ಹೆಚ್ಚು ಸೋರುತ್ತವೆ. ಪೇಸ್‌ಮೇಕರ್ ಚಿಪ್ಪಿಗೆ ಸುಮ್ಮನಿರುವುದೇ ಬಹುಪಾಲು ಕೆಲಸ. ಹಾಗಾಗಿ ಹಳೆಯ ತಲೆಮಾರಿನ, ದೊಡ್ಡ ಟ್ರಾನ್ಸಿಸ್ಟರುಗಳ ತಂತ್ರಜ್ಞಾನಕ್ಕೆ ಇಲ್ಲಿ ಇನ್ನೂ ಮರ್ಯಾದೆಯಿದೆ.

ಚಿಪ್ಪು ಎಷ್ಟೇ ಉಳಿಸಿದರೂ ಹೃದಯಕ್ಕೆ ಕೊಡುವ ಪ್ರಚೋದನೆಯ ಖರ್ಚು ತಪ್ಪದು. 500 ಓಮ್ ಪ್ರತಿರೋಧಕ್ಕೆ 5 ವೋಲ್ಟನ್ನು 0.4 ಮಿಲಿಸೆಕೆಂಡು ಕೊಟ್ಟರೆ ಒಂದು ಸಲಕ್ಕೆ 20 ಮೈಕ್ರೊಜೂಲ್. ನಿಮಿಷಕ್ಕೆ 60 ಸಲವೆಂದರೆ 20 ಮೈಕ್ರೊವ್ಯಾಟ್: ಬಜೆಟ್ಟಿನ ಮೂರರಲ್ಲಿ ಎರಡು ಪಾಲು ಅಲ್ಲೇ ಮುಗಿಯಿತು. ವೋಲ್ಟೇಜನ್ನು 2.5ಕ್ಕಿಳಿಸಿದರೆ ಖರ್ಚು ಅರ್ಧವಲ್ಲ, ಕಾಲು ಭಾಗವಾಗುತ್ತದೆ.

ಆದರೆ ತೀರಾ ಇಳಿಸಿದರೆ ಹೃದಯ ಸ್ಪಂದಿಸದು. ಪ್ರತಿ ತಪಾಸಣೆಯಲ್ಲಿ ವೈದ್ಯರು ಹೃದಯ ಎಷ್ಟು ವೋಲ್ಟಿಗೆ ಓಗೊಡುತ್ತದೆಂದು ಅಳೆದು, ಸುರಕ್ಷತೆಗೆ ಇನ್ನಷ್ಟು ಸೇರಿಸಿ ಹೊಂದಿಸುತ್ತಾರೆ. ಈಗ ಹಲವು ಪೇಸ್‌ಮೇಕರುಗಳು ಈ ಪರೀಕ್ಷೆಯನ್ನು ತಾವೇ ಮಾಡಿಕೊಳ್ಳುತ್ತವೆ. ಹಾಗೆಂದು ತಪಾಸಣೆ ತಪ್ಪಿಸುವಂತಿಲ್ಲ: ಬ್ಯಾಟರಿ ಇನ್ನೆಷ್ಟು ಕಾಲ ಬಂದೀತು ಎಂಬುದು ಗೊತ್ತಾಗುವುದೂ ಅಲ್ಲಿಯೇ, ಮುಂದಿನ ಶಸ್ತ್ರಚಿಕಿತ್ಸೆಯನ್ನು ಸುರಕ್ಷಿತವಾಗಿ ಮುಂದೂಡಲು ದಾರಿ ಸಿಗುವುದೂ ಅಲ್ಲಿಯೇ.