ದಕ್ಕೆಯಲ್ಲಿ ಬೋಟಿಗೂ ಜಾಗವಿಲ್ಲ, ಬೋಟಿನವರಿಗೂ ಇಲ್ಲ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹಳೆ ಬಂದರಿನ ದಕ್ಕೆಗೆ ನಡೆದೇ ಹೋಗಬಹುದು. ದಾರಿ ಕೇಳಬೇಕಾಗಿಲ್ಲ, ಮೀನಿನ ಲಾರಿಗಳು ಸೋರಿಸಿದ ನೀರಿನ ಜಾಡು ಹಿಡಿದರೆ ಸಾಕು. ಬೆಳಗಿನ ಏಲಂ ಜೋರಾಗಿತ್ತು. ಬಂಗುಡೆ, ಬೂತಾಯಿ, ಪಾಂಬೋಲ್, ಬೊಂಡಾಸ್ ರಾಶಿಗಳ ನಡುವೆ ಕಾಲಿಡಲು ತೆರಪಿರಲಿಲ್ಲ. ನೀರಿನಲ್ಲಿದ್ದ ಬೋಟುಗಳ ಪಾಡೂ ಅದೇ.

ದಕ್ಕೆಗೆ ತಾಗಿ ಒಂದು ಬೋಟು. ಅದರ ಪಕ್ಕೆಗೆ ಇನ್ನೊಂದು, ಅದರಾಚೆ ಮತ್ತೊಂದು. ನಡುವೆ ನೇತುಹಾಕಿದ ಹಳೆ ಟಯರುಗಳು. ಕಟ್ಟಕಡೆಯ ಬೋಟಿನವರು ದಡಕ್ಕೆ ಬರಬೇಕಾದರೆ ಪರರ ಬೋಟುಗಳನ್ನೆಲ್ಲ ಹಾಯಬೇಕು. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು, ಕುಡಿಯುವ ನೀರಿನ ಕ್ಯಾನು ಸಾಗುವುದೂ ಹಾಗೆಯೇ. ಮೀನು ಇಳಿಸಿ ಮುಗಿಸಿದವರು ಹಿಂದೆ ಕಾದವರಿಗೆ ಜಾಗ ಬಿಡಬೇಕು. ಒಳಗಿನ ಬೋಟು ಹೊರಡುವುದಾದರೆ ಹೊರಗಿನವೆಲ್ಲ ಹಗ್ಗ ಬಿಚ್ಚಬೇಕು. ಇಳಿತದ ಹೊತ್ತಿಗೆ ಹೂಳಿನ ಕಾಟ ಬೇರೆ. ಗಾಳಿ ಎದ್ದರೆ ಬೋಟಿಗೆ ಬೋಟು ಬಡಿದು ಪಕ್ಕೆ ಒಡೆಯುತ್ತದೆ. ಆ ನಷ್ಟ ಯಾರದೆಂಬ ಜಗಳಕ್ಕೆ ಇಲ್ಲಿ ಬರವಿಲ್ಲ.

ಹೇಳಲು ಈ ಬಂದರಿಗೆ ದೊಡ್ಡ ಚರಿತ್ರೆಯೇ ಇದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಒಳಗಿದು. 14ನೇ ಶತಮಾನದಲ್ಲಿ ಯಾತ್ರಿಕ ಇಬ್ನ್ ಬತೂತ ಮಂಗಳೂರಿಗೆ ಬಂದುಹೋದ. ಶತ್ರು ಹಡಗುಗಳನ್ನು ತಡೆಯಲು ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ಹತ್ತಿರದ ಬೋಳೂರಿನಲ್ಲಿದೆ. ಅಳಿವೆಯ ಮರಳ ದಿಬ್ಬದಿಂದಾಗಿ ದೊಡ್ಡ ಹಡಗುಗಳು ಒಳಗೆ ಬರಲಾರವು. ಪಣಂಬೂರಿನ ಹೊಸ ಬಂದರು 1974ರಲ್ಲಿ ಪ್ರಮುಖ ಬಂದರಾದ ಮೇಲೆ ಹಳೆಯದಕ್ಕೆ ಉಳಿದದ್ದು ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಮತ್ತು ಮೀನಿನ ಬೋಟುಗಳು.

ಬಲೆ ಹೊಲಿಯುತ್ತಿದ್ದ ಹೊನ್ನಾವರ ಕಡೆಯ ಹಿರಿಯ ಕಲಾಸಿ, ಅಂದರೆ ಬೋಟಿನ ಕೆಲಸಗಾರರೊಬ್ಬರು ಮಾತಿಗೆ ಸಿಕ್ಕರು. ‘ಬನ್ನಿ ಅಕ್ಕ, ನಮ್ಮ ಬೆಡ್‌ರೂಮ್ ನೋಡಿ’ ಎಂದು ನಗುತ್ತಾ ಕ್ಯಾಬಿನ್ನಿನ ಬಾಗಿಲು ತೆರೆದರು. ಚುಕ್ಕಾಣಿಯ ಹಿಂದೆ ಎರಡೂ ಬದಿಗೆ ರೈಲಿನ ಬರ್ತಿನಂತೆ ಮೇಲೊಂದು ಕೆಳಗೊಂದು ಹಲಗೆ. ಬೋಟು ಹೊರಳಿದಾಗ ಮಲಗಿದವರು ಉರುಳದಂತೆ ಅಂಚಿಗೊಂದು ಪಟ್ಟಿ. ಕೆಳಗೇ ಎಂಜಿನ್ನು, ನಿಂತಲ್ಲೇ ಡೀಸೆಲ್ ವಾಸನೆಗೆ ನನ್ನ ತಲೆ ಸುತ್ತಿತು.

ಇರುವವರು ಎಂಟು ಜನ, ಹಲಗೆಗಳು ನಾಲ್ಕು. ಹೇಗೆ ಸಾಲುತ್ತದೆ?

‘ಎಲ್ಲರೂ ಒಟ್ಟಿಗೆ ಮಲಗಿದರಲ್ಲವಾ ಸಾಲದೇ ಇರೋದು?’

ಬಲೆ ಬಿಟ್ಟು ಮೂರು ತಾಸು ಎಳೆಯುತ್ತಾರೆ. ಆಮೇಲೆ ಎತ್ತಿ, ಮೀನು ಬೇರೆ ಮಾಡಿ, ಐಸ್ ಹಾಕಿ ಮತ್ತೆ ಬಲೆ ಬಿಡಬೇಕು. ಆ ನಡುವೆ ಸಿಕ್ಕಿದ್ದಷ್ಟೇ ನಿದ್ದೆ. ಒಬ್ಬನೆದ್ದ ಜಾಗಕ್ಕೆ ಇನ್ನೊಬ್ಬ. ಹವೆ ಚೆನ್ನಾಗಿದ್ದರೆ ಬಲೆಯ ರಾಶಿಯ ಮೇಲೆಯೇ ಮಲಗುತ್ತಾರೆ. ಬೋಟು ನಡೆಸುವ ತಾಂಡೇಲನಿಗೆ ಮಾತ್ರ ಚುಕ್ಕಾಣಿಯ ಪಕ್ಕ ಖಾಯಂ ಜಾಗ, ಆದರೆ ಅವನಿಗೆ ನಿದ್ದೆ ಎಲ್ಲರಿಗಿಂತ ಕಮ್ಮಿ.

ಆಳ ಸಮುದ್ರಕ್ಕೆ ಹೋದರೆ ಹತ್ತು ದಿನ ಇದೇ ಬದುಕು. ದಡಕ್ಕೆ ಬಂದ ಮೇಲಾದರೂ? ‘ಇಲ್ಲೇ, ಬೋಟಿನಲ್ಲೇ. ಊರಿಗೆ ಹೋಗಿ ಬರಲು ಪುರುಸೊತ್ತಿಲ್ಲ, ಪೇಟೆಯಲ್ಲಿ ರೂಮು ಹಿಡಿದರೆ ಪಾಲಿನ ದುಡ್ಡು ಅದಕ್ಕೇ ಹೋಗುತ್ತದೆ. ರೂಮು ಬೇಡ ಅಕ್ಕ, ಸ್ನಾನಕ್ಕೆ ನೀರು, ಕಕ್ಕಸಿಗೆ ಒಂದು ಜಾಗ ಸರಿಯಾಗಿ ಕೊಟ್ಟರೆ ಸಾಕು’ ಎಂದರು. ಈ ಮಾತನ್ನು ಅವರು ಮೂರು ಸಲ ಹೇಳಿದರು; ಬರೆದುಕೊಂಡೆನೋ ಇಲ್ಲವೋ ಎಂದು ಇಣುಕಿಯೂ ನೋಡಿದರು.

ದಕ್ಕೆ ಉದ್ದವಾಗಬೇಕು, ಹೂಳೆತ್ತಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಅದರಲ್ಲಿ ಬೋಟುಗಳ ಲೆಕ್ಕವಿದೆ, ಅವುಗಳೊಳಗೆ ಮಲಗುವವರ ಲೆಕ್ಕವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಹೊರಜಿಲ್ಲೆ, ಹೊರರಾಜ್ಯದ ಕಲಾಸಿಗಳು ಊರಿಗೆ ಹೋಗಿರುತ್ತಾರೆ. ಅವರು ಮರಳುವಷ್ಟರಲ್ಲಿ ದಕ್ಕೆಯ ಬಳಿ ಸ್ನಾನಗೃಹ, ಶೌಚಾಲಯ, ಬೆನ್ನು ಚಾಚಲು ಒಂದು ಹಾಲ್ ಸಿದ್ಧಪಡಿಸಲು ಆ ಎರಡು ತಿಂಗಳು ಸಾಕು. ಸಂಬಂಧಪಟ್ಟವರು ಮನಸ್ಸು ಮಾಡಲಿ.