ಗೊತ್ತಿದ್ದದ್ದು ಹಂಚೋಣ, ಸಂಘ ಗಟ್ಟಿ ಮಾಡೋಣ



ನಮ್ಮ ಸಂಘದಲ್ಲಿ 15 ಜನ ಇದ್ದೇವೆ. ವಾರಕ್ಕೊಮ್ಮೆ ಸೇರುತ್ತೇವೆ. ಉಳಿತಾಯ ಕಟ್ಟುತ್ತೇವೆ. ಆದರೆ ಲೆಕ್ಕ ಬರೆಯೋದು, ಬ್ಯಾಂಕಿನ ಚೀಟಿ ತುಂಬೋದು ಒಬ್ಬ ಅಕ್ಕನಿಗೆ ಮಾತ್ರ ಗೊತ್ತಿತ್ತು.

ಒಂದು ಸಲ ಆ ಅಕ್ಕ ಮಗಳ ಬಾಣಂತನಕ್ಕೆ ದೂರದ ಊರಿಗೆ ಹೋದರು. ಅದೇ ವಾರ ನಮ್ಮಲ್ಲಿ ಒಬ್ಬಳ ಮಗುವಿಗೆ ಕಾಯಿಲೆ ಆಯಿತು. ಆಸ್ಪತ್ರೆಗೆ ದುಡ್ಡು ಬೇಕಾಯಿತು. ಬ್ಯಾಂಕಿನಲ್ಲಿ ಸಂಘದ ದುಡ್ಡು ಇತ್ತು. ಸಹಿ ಹಾಕುವ ಇಬ್ಬರೂ ಊರಲ್ಲೇ ಇದ್ದರು. ಆದರೆ ಠರಾವು ಬರೆಯೋಕೆ, ಚೀಟಿ ತುಂಬೋಕೆ ಯಾರಿಗೂ ಬರಲಿಲ್ಲ. ಬ್ಯಾಂಕಿಗೆ ಹೋಗಿ ಕೇಳೋಕೆ ಧೈರ್ಯವೂ ಇರಲಿಲ್ಲ. ಪಾಪ, ಆ ತಾಯಿ ಹೆಚ್ಚು ಬಡ್ಡಿಗೆ ಕೈಸಾಲ ತಂದಳು. ಮಗು ಹುಷಾರಾಯಿತು. ಬಡ್ಡಿ ಮಾತ್ರ ಉಳಿಯಿತು.

ಅಕ್ಕ ವಾಪಸ್ ಬಂದಾಗ ಕೇಳಿದೆವು, "ನಮಗೆ ಯಾಕೆ ಕಲಿಸಲಿಲ್ಲ?"

"ನೀವು ಯಾಕೆ ಕೇಳಲಿಲ್ಲ?" ಅಂದರು ಅಕ್ಕ. ಆಮೇಲೆ ಮೆಲ್ಲಗೆ ಹೇಳಿದರು, "ಎಲ್ಲರೂ ಕಲಿತರೆ ನನ್ನನ್ನು ಯಾರು ಕೇಳ್ತಾರೆ ಅಂತ ಅಳುಕೂ ಇತ್ತು."

ನಮಗೂ ಅಳುಕು ಇತ್ತು. ಕೇಳಿದರೆ ನಗ್ತಾರೆ ಅಂತ ಸುಮ್ಮನಿದ್ದೆವು.

ಅವತ್ತೇ ಕೂತು ನಾಲ್ಕು ಮಾತು ಗೊತ್ತು ಮಾಡಿಕೊಂಡೆವು.

1. ಕೇಳಿದವರನ್ನು, ತಪ್ಪು ಬರೆದವರನ್ನು ನೋಡಿ ನಗಬಾರದು. ನಕ್ಕರೆ ಅವರು ಮತ್ತೆ ಬಾಯಿ ಬಿಡೋದಿಲ್ಲ.

2. ಕಲಿಸಿದವರ ಹೆಸರು ಸಭೆಯಲ್ಲಿ ಹೇಳಬೇಕು. ಮರ್ಯಾದೆ ಸಿಕ್ಕರೆ ಕಲಿಸೋಕೆ ಹುರುಪು ಬರುತ್ತದೆ.

3. ಕೊಡೋದೂ ಇರಬೇಕು, ತಗೊಳ್ಳೋದೂ ಇರಬೇಕು. ಅಕ್ಕ ಲೆಕ್ಕ ಕಲಿಸಿದರು. ಬೀಜಕ್ಕೆ ಬೂದಿ ಬೆರೆಸಿ, ಹುಳ ಬೀಳದ ಹಾಗೆ ಇಡೋದನ್ನು ನಮ್ಮ ಅಜ್ಜಿಯೊಬ್ಬರು ತೋರಿಸಿದರು. ಅಜ್ಜಿಗೆ ಓದು ಬರೋದಿಲ್ಲ. ಆದರೂ ಅಕ್ಕ ಅವರ ಹತ್ತಿರ ಕಲಿತರು.

4. ಕಲಿಯೋಕೆ ಪಾಳಿ ಇರಬೇಕು, ಹೊತ್ತು ಇರಬೇಕು. ಪ್ರತಿ ಸಭೆಯಲ್ಲಿ ಅರ್ಧ ಗಂಟೆ ಒಬ್ಬಳು ಅಕ್ಕನ ಪಕ್ಕ ಕೂತು ಪುಸ್ತಕ ಬರೆಯುತ್ತಾಳೆ. ಮನೆ ಕೆಲಸ ಮುಗಿಸಿ ಕಲಿಯೋಣ ಅಂದರೆ ಆ ಹೊತ್ತು ಬರೋದೇ ಇಲ್ಲ!

ಲೆಕ್ಕದ ಪುಸ್ತಕ ಅಂದರೆ ಸಣ್ಣ ಮಾತಲ್ಲ. 1992ರಲ್ಲಿ ನಬಾರ್ಡ್ ನಮ್ಮಂಥ ಸಂಘಗಳಿಗೆ ಬ್ಯಾಂಕಿನ ಸಾಲ ಸಿಗುವ ಏರ್ಪಾಡು ಶುರು ಮಾಡಿತು. ಸಾಲ ಕೊಡುವ ಮುಂಚೆ ಬ್ಯಾಂಕಿನವರು ಐದು ಸಂಗತಿ ನೋಡುತ್ತಾರೆ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಸಂಘದ ಒಳಗೆ ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಸರಿಯಾದ ಲೆಕ್ಕ. ಇದಕ್ಕೆ ಪಂಚಸೂತ್ರ ಅನ್ನುತ್ತಾರೆ. ಲೆಕ್ಕ ಒಬ್ಬರಿಗೆ ಮಾತ್ರ ಗೊತ್ತಿದ್ದರೆ, ಅವರು ಇಲ್ಲದ ದಿನ ಸಂಘವೇ ನಿಲ್ಲುತ್ತದೆ.

ಈಗ ನಮ್ಮಲ್ಲಿ ನಾಲ್ಕು ಜನ ಪುಸ್ತಕ ಬರೆಯುತ್ತೇವೆ. ಅಕ್ಕನ ಮರ್ಯಾದೆ ಕಮ್ಮಿ ಆಯಿತಾ? ಇಲ್ಲ. ಪಕ್ಕದ ಕೇರಿಯ ಸಂಘದವರೂ ಕಲಿಸೋಕೆ ಅವರನ್ನು ಕರೀತಾರೆ.

ನಿಮ್ಮ ಸಂಘದಲ್ಲಿ ಲೆಕ್ಕ ಬರೆಯೋಕೆ ಎಷ್ಟು ಜನರಿಗೆ ಬರುತ್ತದೆ? ಮುಂದಿನ ಸಭೆಯಲ್ಲಿ ಕೇಳಿ ನೋಡಿ.